ಒಳಗಡೆ ಹಿಡಿಯಿಲ್ಲದ ಬಾಗಿಲು

ಆ ಕಾರಿಗೆ ಹಿಂದಿನ ಎಡಬಾಗಿಲು ಇರಲಿಲ್ಲ. ಬಾಗಿಲಿದ್ದ ಜಾಗಕ್ಕೆ ಹಳೆಯ ಜಮಖಾನವೊಂದನ್ನು ಇಳಿಬಿಟ್ಟಿದ್ದರು. ಗಾಳಿ ಬೀಸಿದಾಗಲೆಲ್ಲ ಅದು ಮೇಲಕ್ಕೆದ್ದು ಒಳಗಿನ ಕೆಂಪು ಸೀಟು ಕಾಣಿಸುತ್ತಿತ್ತು. ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದ ದಿನದಿಂದ ಪಕ್ಕದ ಮನೆಯ ಕೋಳಿಯೊಂದು ಆ ಸೀಟಿನ ಮೇಲೆಯೇ ಠಿಕಾಣಿ ಹೂಡಿತು. ಓಡಿಸಿ ಓಡಿಸಿ ನಾನು ಸುಸ್ತಾದೆ.

ನಮ್ಮ ಯಜಮಾನರು ಮೋನಾಚಾರಿ ಮೊದಲು ತಾಮ್ರದ ಹಂಡೆ ಬಡಿಯುತ್ತಿದ್ದವರು. ಹಂಡೆ ಕೇಳುವವರು ಕಡಿಮೆಯಾದ ಮೇಲೆ ಹಳೆಯ ಕಾರುಗಳ ಮಡ್‌ಗಾರ್ಡು, ಬಾನೆಟ್ಟು, ಬಾಗಿಲುಗಳನ್ನು ತಗಡಿನಿಂದ ಕೈಯಲ್ಲೇ ಮಾಡಿಕೊಡತೊಡಗಿದರು. ಎಲ್ಲೂ ಸಿಗದ ಭಾಗ ಬೇಕಾದವರು ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು. ಪಡಸಾಲೆಯೇ ಕಾರ್ಖಾನೆ. ಅವರು ಬಡಿಯುವವರು, ನಾನು ತಗಡು ಹಿಡಿಯುವವಳು. ಹಿಡಿಯುವುದೇನು ಮಹಾ ಅನ್ನುವವರು ಒಂದು ಗಳಿಗೆ ಹಿಡಿದು ನೋಡಲಿ. ಏಟು ಅಲ್ಲಿ ಬಿದ್ದರೆ ಇಲ್ಲಿ ಹಲ್ಲೆಲ್ಲ ಜುಮ್ಮೆನ್ನುತ್ತದೆ.

ಕಾರು ದೊಡ್ಡಮನೆಯ ವಿರೂಪಾಕ್ಷಯ್ಯನವರದು. ಅವರು ನಗುವುದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡವರಿಲ್ಲ.

"ಸೇತುವೆ ಕಟ್ಟೆಗೆ ಬಡಿದು ಕಿತ್ತುಹೋಯ್ತು," ಎಂದರು. "ಬಲಗಡೇದು ನೋಡ್ಕೊಂಡು ಹಾಗೇ ಮಾಡಿ ಆಚಾರ್ರೇ. ಒಂದೇ ವ್ಯತ್ಯಾಸ. ಒಳಗಡೆ ಹಿಡಿ ಬೇಡ. ಹೊರಗಿಂದ ಮಾತ್ರ ತೆಗೆಯೋ ಹಾಗಿರಲಿ."

"ಹಿಡೀನೇ ಬೇಡವೇ?"

"ಬೇಡ. ಬಲಗಡೆ ಬಾಗಿಲಿಂದೂ ಬಿಚ್ಚಿಬಿಡಿ. ಗಾಜೂ ಅಷ್ಟೆ, ನಾಲ್ಕು ಬೆರಳಿಗಿಂತ ಹೆಚ್ಚು ಇಳೀಬಾರದು."

ನಾನು ಬಾಯಿ ಮುಚ್ಚಿಕೊಂಡಿರುವ ಪೈಕಿಯೇ? "ಮನೇಲಿ ಚಿಕ್ಕ ಮಕ್ಕಳಿದ್ದಾರಾ ಸ್ವಾಮಿ?" ಎಂದೆ.

"ಇಲ್ಲಮ್ಮ," ಎಂದವರೇ ಹೊರಟುಹೋದರು.

ಮಕ್ಕಳಿರಲಿಲ್ಲ. ಇದ್ದವರು ಶಿವಗಂಗಮ್ಮ, ಅವರ ತೀರಿಹೋದ ತಮ್ಮನ ಹೆಂಡತಿ. ಗಂಡ ಸತ್ತ ಮೇಲೆ ಆಕೆಗೆ ತಲೆ ಸರಿಯಿಲ್ಲವೆಂದು ಊರು ಆಡಿಕೊಳ್ಳುತ್ತಿತ್ತು. ಆಸ್ತಿಯಲ್ಲಿ ಅರ್ಧ ಆಕೆಗೆ ಸೇರಬೇಕೆಂಬುದನ್ನೂ ಅದೇ ಊರು ಅದೇ ಉಸಿರಿನಲ್ಲಿ ಆಡುತ್ತಿತ್ತು. ಎರಡು ದಿನ ಬಿಟ್ಟು ಕಾರಿನ ಚಕ್ರ ನೋಡಲು ಬಂದ ಡ್ರೈವರ್ ಬಸಣ್ಣನನ್ನು ಕೇಳಿದೆ.

"ಚಿಕ್ಕಮ್ಮೋರನ್ನ ಕರ್ಕೊಂಡು ಹೋಗೋಕೇ ಈ ರಿಪೇರಿಯೆಲ್ಲ," ಎಂದ.

"ಎಲ್ಲಿಗೆ?"

"ತವರಿಗೆ ಅಂತಾರೆ."

ಆ 'ಅಂತಾರೆ' ನನಗೆ ಸರಿಕಾಣಲಿಲ್ಲ. ಹುಚ್ಚರ ಆಸ್ಪತ್ರೆಗೆ ಸಾಗಿಸುವವರು ದಾರಿಯುದ್ದಕ್ಕೂ ಇನ್ನೇನು ಹೇಳಿಯಾರು? ಜಮಖಾನ ಮೇಲೆದ್ದಾಗಲೆಲ್ಲ ಆ ಕೆಂಪು ಸೀಟಿನ ಮೇಲೆ ಒಬ್ಬ ಹೆಂಗಸು ಗಾಜು ಬಡಿಯುತ್ತಿರುವಂತೆ ಕಂಡು ನನಗೆ ಅನ್ನ ಸೇರದಾಯಿತು.

ಯಜಮಾನರಿಗೆ ಇದಾವುದರ ಪರಿವೆಯೂ ಇರಲಿಲ್ಲ. ಬಲಬಾಗಿಲಿನ ಅಚ್ಚನ್ನು ರಟ್ಟಿನಲ್ಲಿ ಕತ್ತರಿಸಿ, ಮಗುಚಿ, ತಗಡಿನ ಮೇಲಿಟ್ಟು ಗೀರಿದರು. ಮರಳಿನ ಚೀಲದ ಮೇಲೆ ತಗಡನ್ನು ಮಲಗಿಸಿ ಮರದ ಕೊಡತಿಯಿಂದ ಬಡಿಬಡಿದು ಉಬ್ಬಿಸಿದರು. ಕಣ್ಣು ಮುಚ್ಚಿ ಅಂಗೈ ಸವರಿ ಉಬ್ಬುತಗ್ಗು ಹುಡುಕಿದರು. ಅಯ್ಯೋ, ಆ ಬಾಗಿಲು ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ನೋಡಿ ನನಗೆ ಮೈ ಉರಿಯುತ್ತಿತ್ತು.

"ರೀ, ನೀವು ಯಾರನ್ನೋ ಕೂಡಿಹಾಕೋ ಪೆಟ್ಟಿಗೆ ಮಾಡ್ತಿದ್ದೀರಿ," ಎಂದೆ.

"ನಾನು ಬಾಗಿಲು ಮಾಡ್ತಿದ್ದೀನಿ. ನೆಟ್ಟಗೆ ಹಿಡಿ."

ಒಳಪದರದ ತಗಡು ಕೈಗೆತ್ತಿಕೊಂಡ ದಿನ ಅವರು ಎಂದಿನ ರೂಢಿಯಂತೆ ಹಿಡಿ ಕೂರುವ ಕಡೆ ಸೀಮೆಸುಣ್ಣದಿಂದ ಒಂದು ದುಂಡು ಬರೆದರು. ಬರೆದ ಮೇಲೆ ಅದನ್ನೇ ನೋಡುತ್ತ ನಿಂತರು.

"ಕೊರೆದುಬಿಡಿ," ಎಂದೆ. "ಅವರೇನು ಬಿಚ್ಚಿ ನೋಡ್ತಾರಾ? ಒಳಗಡೆ ಹೊದಿಸೋ ಬಟ್ಟೆಯ ಹಿಂದೆ ಒಂದು ತೂತಿರಲಿ, ಬೆರಳು ಹಾಕಿ ಬೀಗ ತೆಗೆಯೋಷ್ಟು. ಆ ಯಮ್ಮನಿಗೆ ನಾನು ಗುಟ್ಟಾಗಿ ಹೇಳ್ತೀನಿ."

ಅವರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ, "ಮೊದಲು ಆಕೆಯನ್ನ ಕೇಳು. ಕೇಳದೆ ನಾನು ಕೊರೆಯೋದೂ ಇಲ್ಲ, ಮುಚ್ಚೋದೂ ಇಲ್ಲ," ಎಂದರು. ವಿರೂಪಾಕ್ಷಯ್ಯನವರಿಗೆ, ಸೀಟಿನ ಅಳತೆ ನೋಡಬೇಕು, ಕೂರುವವರನ್ನೇ ಕಳುಹಿಸಿ ಎಂದು ಬಸಣ್ಣನ ಕೈಲಿ ಹೇಳಿಕಳುಹಿಸಿದರು. ನಮ್ಮವರು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಶಿವಗಂಗಮ್ಮ ಭಾವನ ಹಿಂದೆ ಬಿಸಿಲಿನಲ್ಲಿ ನಡೆದೇ ಬಂದರು. ದೊಡ್ಡಮನೆಯವರು ನಡೆಯುವುದುಂಟೇ ಎಂದುಕೊಂಡೆ. ನಲವತ್ತು ದಾಟದ, ಲಕ್ಷಣವಾದ ಹೆಂಗಸು. ಮಜ್ಜಿಗೆ ಕೊಡುವ ನೆಪದಲ್ಲಿ ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದೆ.

"ಅಮ್ಮಾ, ತಪ್ಪು ತಿಳೀಬೇಡಿ. ಆ ಕಾರು ಹತ್ತಬೇಡಿ. ಅದನ್ನ ಒಳಗಿಂದ ತೆಗೆಯೋಕಾಗಲ್ಲ. ನಿಮ್ಮ ಭಾವನವರು ಹಿಡೀನೇ ಬೇಡ ಅಂದಿದ್ದಾರೆ."

ಆಕೆ ಲೋಟ ಕೆಳಗಿಟ್ಟರು.

"ಅವರ ಬಾಯಲ್ಲಿ ಹೇಳಿಸಿದ್ದು ನಾನೇ ಕಣಮ್ಮ."

ನಾನು ಮಜ್ಜಿಗೆಯ ತಂಬಿಗೆ ಹಿಡಿದೇ ಆಕೆಯ ಎದುರು ಕೂತೆ.

"ಹೋದ ಸಲ ಕಾರು ಸೇತುವೆ ಮೇಲೆ ಹೋಗ್ತಿದ್ದಾಗ ಹೊಳೆ ನೋಡ್ತಾ ಕೂತಿದ್ದೆ, ಅಷ್ಟೆ. ಅಳ್ತಿರಲಿಲ್ಲ, ಸಾಯಬೇಕು ಅಂತಾನೂ ಇರಲಿಲ್ಲ. ನೋಡ್ತೀನಿ, ನನ್ನ ಕೈ ಬಾಗಿಲು ತೆಗೆದುಬಿಟ್ಟಿದೆ. ಭಾವ ಸೆರಗು ಹಿಡಿದು ಒಳಗೆ ಎಳೆದರು. ಬಾಗಿಲು ಕಟ್ಟೆಗೆ ಬಡಿದು ಕಿತ್ತುಹೋಯ್ತು. ಊರವರು ಅವರನ್ನ ಏನೇನೋ ಅಂತಾರೆ. ನನ್ನ ಮರ್ಯಾದೆಗೋಸ್ಕರ ಅವರು ಯಾರಿಗೂ ಬಾಯಿ ಬಿಟ್ಟಿಲ್ಲ."

"ಹಾಗಾದ್ರೆ ಹೋಗೋದೇ ಬೇಡ ಬಿಡಿ ತಾಯಿ."

"ನಮ್ಮಮ್ಮ ಹಾಸಿಗೆ ಹಿಡಿದಿದ್ದಾಳೆ. ಇನ್ನು ತಡೆದರೆ ಮುಖ ಸಿಗಲ್ಲ. ಆ ಸೇತುವೆ ಬಿಟ್ಟರೆ ಬೇರೆ ದಾರಿ ಇಲ್ಲ. ಬಸ್ಸಿಗೂ ಬಾಗಿಲಿದೆ, ರೈಲಿಗೂ ಬಾಗಿಲಿದೆ. ನಾನು ಎಲ್ಲಿ ಕೂರಲಿ, ಹೇಳಿ?"

ನಾನು ಹೊರಗೆ ಬಂದು ಯಜಮಾನರ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಒದ್ದೆ ಬಟ್ಟೆಯಿಂದ ಸೀಮೆಸುಣ್ಣದ ದುಂಡನ್ನು ಒರೆಸಿ ತೆಗೆದರು. ಆ ದಿನ ಮರುದಿನ ಒಂದೇ ಸಮನೆ ದುಡಿದು, ಒಳಪದರ ಬೆಸೆದು, ಬೀಗ ಕೂರಿಸಿ, ಜಮಖಾನ ಕಿತ್ತು ಬಾಗಿಲು ತೂಗುಹಾಕಿದರು. ಬಲಬಾಗಿಲಿನ ಹಿಡಿಯನ್ನೂ ಬಿಚ್ಚಿದರು. ಬಣ್ಣ ಬಳಿಯಲೂ ಯಾರೂ ಕಾಯಲಿಲ್ಲ. ಹೊರಡುವ ಬೆಳಿಗ್ಗೆ ಶಿವಗಂಗಮ್ಮ ಅಮ್ಮನಿಗೆಂದು ಕಟ್ಟಿಕೊಂಡ ಬುತ್ತಿಯೊಂದಿಗೆ ನಮ್ಮ ಅಂಗಳದಲ್ಲೇ ಕಾರು ಹತ್ತಿದರು. ವಿರೂಪಾಕ್ಷಯ್ಯನವರು ಮುಂದೆ, ಬಸಣ್ಣನ ಪಕ್ಕದಲ್ಲಿ ಕೂತರು.

"ನೀವೇ ಹಾಕಿ," ಎಂದರು ಆಕೆ ನನಗೆ.

ಬಾಗಿಲನ್ನು ದೂಡಿದೆ. ಒಂದೇ ಸದ್ದಿಗೆ ಕೂತಿತು. ಒಂದು ಕೂದಲಿನಷ್ಟೂ ಸಂದಿಲ್ಲ. ಗಾಜಿನ ಆಚೆ ಆಕೆ ನನ್ನತ್ತ ತಿರುಗಿ ನಗುತ್ತ, "ಗಟ್ಟಿಯಾಗಿದೆ," ಎಂದರು. ಹೊಸ ತಗಡಿನ ವಾಸನೆಯ ಬಗ್ಗೆ ಏನೋ ಹೇಳಿದರು. ನಾನೂ ನಗುತ್ತಿದ್ದೆ. ಅಷ್ಟರಲ್ಲಿ ಆಕೆಯ ಎಡಗೈ ಕಣ್ಣಿಗೆ ಬಿತ್ತು. ಅದು ಆಕೆಯ ಮಾತಿಗೂ ನಗುವಿಗೂ ಸಂಬಂಧವಿಲ್ಲದಂತೆ ಬಾಗಿಲಿನ ಮೇಲೆ ಹರಿದಾಡುತ್ತ, ಮೂಲೆ ಮೂಲೆ ತಡವುತ್ತ, ಹಿಡಿಯನ್ನು ಹುಡುಕುತ್ತಿತ್ತು.

ನನ್ನ ನೋಟ ಎಲ್ಲಿದೆಯೆಂದು ಆಕೆಯೂ ಬಗ್ಗಿ ನೋಡಿದರು. ನಗು ನಿಂತಿತು. ಬಲಗೈಯಿಂದ ಆ ಎಡಗೈಯನ್ನು ಮೆಲ್ಲಗೆ ಹಿಡಿದು ತಂದು, ಮಡಿಲಿನ ಬುತ್ತಿಯ ಮೇಲಿಟ್ಟುಕೊಂಡು, ಬಿಗಿಯಾಗಿ ಅದುಮಿ ಹಿಡಿದು ಕೂತರು. ಬಸಣ್ಣ ಗಾಡಿ ಚಾಲೂ ಮಾಡಿದ.