ಕಾಪುವಿನ ಗಿರಾಕಿ

ಅಂಗಡಿಗೆ ಯಾರು ಬಂದರೂ ಅಕ್ಕು ಮೊದಲು ಕೇಳುತ್ತಿದ್ದುದು ಒಂದೇ ಮಾತು: ಯಾವ ಊರು? ಉಡುಪಿಯ ಸುತ್ತಿನವರಾದರೆ ಕುರ್ಚಿ ಕೊಟ್ಟು ಕಂಪ್ಯೂಟರ್ ತೋರಿಸುವಳು. ಕಾಪುವಿನವರಾದರೆ ಮುಸ್ತಫಾನಿಗೆ, ಕಾರ್ಕಳದವರಾದರೆ ಪ್ಯಾಟ್ರಿಕ್‌ನಿಗೆ ಫೋನು ಮಾಡಿ, ಜನ ಬರುತ್ತಿದ್ದಾರೆ, ಸರಿಯಾಗಿ ನೋಡಿಕೊಳ್ಳಿ ಎಂದು ಹೇಳಿ ಕಳುಹಿಸುವಳು. ಮೂರು ಊರಿನ ಮೂರು ಅಂಗಡಿಗಳಲ್ಲೂ ಇದ್ದುದು ಮೇದಿನಿ ಎಂಬ ಒಂದೇ ಕಂಪೆನಿಯ ಮಾಲು. ಕೆಟ್ಟುಹೋದರೆ ಅದನ್ನು ಹೊತ್ತುಕೊಂಡು ಬಸ್ಸಿನಲ್ಲಿ ಉಡುಪಿಗೆ ಯಾರು ಬರುತ್ತಾರೆ, ಅವರವರ ಊರಿನಲ್ಲಿ ಕೊಂಡರೆ ಅವರಿಗೇ ಸುಖ ಎಂಬುದು ಅವಳ ಮಾತು. ಕಂಪೆನಿ ಇಂಥ ನಿಯಮವನ್ನೇನೂ ಮಾಡಿರಲಿಲ್ಲ. ಗಂಡ ಸರ್ವೋತ್ತಮರು ಮೊದಮೊದಲು ಗೊಣಗಿದರು. ಆಮೇಲೆ ಅದು ಅಂಗಡಿಯ ಧರ್ಮವೇ ಆಗಿಹೋಯಿತು.

ದೀಪಾವಳಿ ಕಳೆದ ಮೇಲೆ ಅಕ್ಕು ತೀರಿಕೊಂಡಳು. ಉತ್ತರಕ್ರಿಯೆ ಮುಗಿದರೂ ಸರ್ವೋತ್ತಮರಿಗೆ ಅಂಗಡಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಅಂಬಲಪಾಡಿ ದೇವಸ್ಥಾನಕ್ಕೆ ಹೋಗಿ ಮಹಾಕಾಳಿಯ ಮುಂದೆ ಕೈಮುಗಿದು ನಿಲ್ಲುವರು; ಬೇಡಿಕೊಳ್ಳಲು ಏನೂ ತೋಚದೆ ಪ್ರಸಾದ ಹಿಡಿದು ಮನೆಗೆ ಬರುವರು. ಅಂಗಡಿಯನ್ನು ಹೊಸದಾಗಿ ಸೇರಿದ್ದ ಪ್ರಣೀತಾ ನೋಡಿಕೊಂಡಳು. ಚುರುಕಾದ ಹುಡುಗಿ, ಬಂದವರಿಗೆಲ್ಲ ನಗುನಗುತ್ತ ಮಾರಿದಳು. ಯಾವ ಊರು ಎಂದು ಕೇಳಬೇಕೆಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಕಂಪೆನಿಯಲ್ಲಿ ಜಗಳ ಹುಟ್ಟಿತು. ಅದನ್ನು ಕಟ್ಟಿದ ಪುಣೆಯ ಮನೆತನದವರು ಒಂದು ಕಡೆ, ಹೊಸದಾಗಿ ಹಣ ಹಾಕಿದ ವಿದೇಶದ ಹೂಡಿಕೆದಾರರು ಇನ್ನೊಂದು ಕಡೆ. ಇವರು ಷೇರು ಕೊಂಡರೆ ಅವರೂ ಕೊಳ್ಳುವುದು. ಇವರು ಡೀಲರುಗಳಿಗೆ ಊಟ ಹಾಕಿಸಿದರೆ ಅವರೂ ಹಾಕಿಸುವುದು. ಷೇರುದಾರರ ಸಭೆಯಲ್ಲಿ ಡೀಲರುಗಳೆಲ್ಲ ನಮ್ಮ ಜೊತೆ ಇದ್ದಾರೆ ಎಂದು ತೋರಿಸುವ ಹಟ ಇಬ್ಬರಿಗೂ ಇತ್ತು.

ಹೊಸಬರ ಪರವಾಗಿ ಏರಿಯಾ ಮ್ಯಾನೇಜರ್ ಶೆಲ್ಡನ್ ಸರ್ವೋತ್ತಮರನ್ನು ಮಣಿಪಾಲದ ಹೋಟೆಲಿಗೆ ಕರೆಸಿಕೊಂಡನು. ಅಕ್ಕುವಿನ ವಿಷಯವನ್ನು ಮೆಲ್ಲಗೆ ವಿಚಾರಿಸಿ, ಅವರ ಚಹಾಕ್ಕೆ ತಾನೇ ಸಕ್ಕರೆ ಹಾಕಿಕೊಟ್ಟನು. ಕೆಟ್ಟವನಲ್ಲ. ಇನ್ನು ಮುಂದೆ ಜಿಲ್ಲೆಗೆ ಒಬ್ಬನೇ ಡೀಲರು ಸಾಕೆಂದು ತನ್ನವರು ಯೋಚಿಸಿದ್ದಾರೆ ಎಂದ. ಮಣಿಪಾಲದಲ್ಲಿ ದೊಡ್ಡ ಶೋರೂಮು, ಕೆಲಸಕ್ಕೆ ಕಂಪೆನಿಯ ಜನ. ಸರ್ವೋತ್ತಮರ ಹೆಸರು ಮಾತ್ರ ಬೋರ್ಡಿನ ಮೇಲೆ. ಸಭೆಯಲ್ಲಿ ಎದ್ದು ನಿಂತು ನಾಲ್ಕು ಒಳ್ಳೆಯ ಮಾತು ಆಡಿದರೆ ಮುಗಿಯಿತು. ಕಾಪು, ಕಾರ್ಕಳದ ಅಂಗಡಿಗಳಿಗೆ ಮಾಲು ನಿಲ್ಲುತ್ತದೆ.

"ನಿಮ್ಮನ್ನೇ ಯಾಕೆ ಆರಿಸಿದ್ದು ಗೊತ್ತುಂಟಾ ಸಾರ್? ಎಲ್ಲ ಕಡೆ ವ್ಯಾಪಾರ ಬಿದ್ದಿದೆ, ನಿಮ್ಮಲ್ಲಿ ಮಾತ್ರ ಏರಿದೆ."

ಸರ್ವೋತ್ತಮರಿಗೆ ಮೊದಲು ಅನಿಸಿದ್ದು, ಇನ್ನು ಮಲಗಬಹುದು ಎಂದು. ನಿಜ ಹೇಳಬೇಕೆಂದರೆ ಅದೊಂದೇ ಅವರಿಗೆ ಬೇಕಾಗಿದ್ದುದು. ಮರುಕ್ಷಣ, ತಾನು ಕಾಲೇ ಇಡದಿದ್ದ ಅಂಗಡಿಯಲ್ಲಿ ವ್ಯಾಪಾರ ಏರಿದ್ದು ಹೇಗೆ ಎಂಬ ಯೋಚನೆ ಬಂತು. ಹೆಚ್ಚಾಗಿ ಕೊಂಡವರು ಎಲ್ಲಿಯವರು ಎಂದು ಕೇಳಿದರು. ಶೆಲ್ಡನ್ ಲ್ಯಾಪ್‌ಟಾಪಿನಲ್ಲಿ ನೋಡಿ ಸಂತೋಷದಿಂದ, ಕಾಪುವಿನವರು, ಕಾರ್ಕಳದವರು, ಅಷ್ಟು ದೂರದಿಂದಲೂ ಹುಡುಕಿಕೊಂಡು ಬರುತ್ತಾರೆ ನೋಡಿ ಎಂದ.

ಚಹಾ ಅರ್ಧಕ್ಕೇ ಉಳಿಯಿತು. ನಾಳೆ ಹೇಳುತ್ತೇನೆ ಎಂದು ಎದ್ದು, ಉಡುಪಿಗೆ ಬಂದು ಕಾಪುವಿನ ಬಸ್ಸು ಹತ್ತಿದರು.

ಮುಸ್ತಫಾ ಅಂಗಡಿಯ ಬಾಗಿಲಲ್ಲೇ ನಿಂತಿದ್ದನು. "ಬನ್ನಿ ಸರ್ವೋತ್ತಮಣ್ಣ. ಕಾಪುವಿನವರೆಲ್ಲ ಉಡುಪಿಗೆ ಹೋಗ್ತಾರೆ, ಉಡುಪಿಯವರು ಒಬ್ಬರಾದರೂ ಕಾಪುವಿಗೆ ಬಂದ್ರಲ್ಲ."

ನಗುತ್ತಲೇ ಹೇಳಿದ್ದ, ಆದರೂ ಸರ್ವೋತ್ತಮರು ತಲೆ ಎತ್ತಲಿಲ್ಲ. ಒಳಗೆ ರಿಪೇರಿಯ ಮೇಜಿನ ಮೇಲೆ ಬಿಚ್ಚಿಟ್ಟ ಕಂಪ್ಯೂಟರುಗಳಿದ್ದವು. ಒಂದರ ಬೆನ್ನಿಗೆ ತಮ್ಮದೇ ಅಂಗಡಿಯ, ಶ್ರೀ ಜನಾರ್ದನ ಕಂಪ್ಯೂಟರ್ಸ್, ಉಡುಪಿ ಎಂಬ ಕೇಸರಿ ಸ್ಟಿಕ್ಕರ್. ಪಕ್ಕದ್ದಕ್ಕೂ ಅದೇ. ತಮ್ಮಲ್ಲಿ ಕೊಂಡವರು ಅದು ಕೆಟ್ಟಾಗ ಬಸ್ಸು ಹತ್ತಿರಲಿಲ್ಲ. ಅಕ್ಕು ಹೇಳಿದ್ದ ಹಾಗೆಯೇ ಹತ್ತಿರದ ಅಂಗಡಿಗೆ ತಂದಿದ್ದರು. ಮುಸ್ತಫಾ ಯಾರನ್ನೂ ಹಿಂದಕ್ಕೆ ಕಳುಹಿಸಿರಲಿಲ್ಲ.

"ಹುಡುಗಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ," ಎಂದರು ಸರ್ವೋತ್ತಮರು. "ನೀನಾದರೂ ಒಂದು ಫೋನು ಮಾಡಬಾರದಿತ್ತಾ ಮಾರಾಯ?"

"ಸಾವಾದ ಮನೆಗೆ ಫೋನು ಮಾಡಿ ನನ್ನ ಗಿರಾಕಿ ಎಲ್ಲಿ ಅಂತ ಕೇಳುವುದುಂಟಾ?" ಮುಸ್ತಫಾ ಸ್ಕ್ರೂ ಡ್ರೈವರನ್ನು ಕೆಳಗಿಟ್ಟನು. "ಅಕ್ಕ ಇದ್ದಿದ್ದರೆ ಕೇಳಬೇಕಾಗಿಯೇ ಇರಲಿಲ್ಲ."

ಅವನ ಹೆಂಡತಿ ಶಮ್ನಾ ಒಳಗಿನಿಂದ ನಿಂಬೆ ಶರಬತ್ತು ತಂದುಕೊಟ್ಟು, ನೀವು ತುಂಬ ಬಡವಾಗಿದ್ದೀರಿ ಎಂದಳು. ಹೊರಡುವಾಗ ಸರ್ವೋತ್ತಮರು ಶೆಲ್ಡನ್ ಹೇಳಿದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸಿದರು. ಮುಸ್ತಫಾನಿಗೆ ಬೇರೆ ಡೀಲರುಗಳಿಂದ ಅದಾಗಲೇ ಗೊತ್ತಾಗಿತ್ತು. ನಿಮಗೂ ವಯಸ್ಸಾಯಿತು, ಒಪ್ಪಿಕೊಂಡರೆ ನಾನು ಬೇಸರ ಮಾಡುವುದಿಲ್ಲ ಎಂದನು. ಅದೇ ಅವರಿಗೆ ಹೆಚ್ಚು ಭಾರವಾಯಿತು.

ಮರುದಿನ ದೇವಸ್ಥಾನದ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಲೇ ಶೆಲ್ಡನ್‌ನಿಗೆ ಫೋನು ಮಾಡಿದರು. ಏರಿದ ವ್ಯಾಪಾರ ತನ್ನದಲ್ಲ, ಹೆಂಡತಿ ಇಲ್ಲದ್ದರಿಂದ ಆದ ತಪ್ಪು, ಶೋರೂಮು ಬೇಡ ಎಂದರು. ಅವನಿಗೆ ಅರ್ಥವಾಗಲಿಲ್ಲ. ಹಾಗಾದರೆ ಮಣಿಪಾಲದ ಶೋರೂಮನ್ನು ಕಂಪೆನಿಯೇ ನಡೆಸುತ್ತದೆ, ಆಗ ಮೂವರ ಡೀಲರ್‌ಶಿಪ್ಪೂ ಹೋಗುತ್ತದೆ, ಇನ್ನೊಮ್ಮೆ ಯೋಚಿಸಿ ಎಂದು ನಿಜವಾದ ಕನಿಕರದಿಂದಲೇ ಹೇಳಿದನು.

"ಯೋಚಿಸಿ ಆಯಿತು ಮಗಾ. ಹೋಗುವುದಾದರೆ ಮೂವರದ್ದೂ ಹೋಗಲಿ."

ಈ ಸುದ್ದಿ ಹೇಗೋ ಪುಣೆಗೆ ಮುಟ್ಟಿತು. ಮಧ್ಯಾಹ್ನ ಮನೆತನದ ಕಡೆಯವರು ಯಾರೋ ಫೋನು ಮಾಡಿ ಹೊಗಳಿದರು. ನಮ್ಮ ವೇದಿಕೆಯಲ್ಲಿ ನಿಂತು ಇದನ್ನೇ ಹೇಳಬೇಕು, ವಿಮಾನದ ಟಿಕೇಟು ಕಳುಹಿಸುತ್ತೇವೆ ಎಂದರು. ಹಿಂದೆ ಮಾಲು ತಡವಾದಾಗಲೆಲ್ಲ ಮುಸ್ತಫಾ ಎಷ್ಟು ಬೇಡಿಕೊಂಡರೂ ಉತ್ತರ ಕೊಡದಿದ್ದವರು ಇವರೇ. ಸರ್ವೋತ್ತಮರು ತನಗೆ ಮೈ ಸರಿ ಇಲ್ಲ ಎಂದರು. ಸುಳ್ಳೇನಲ್ಲ.

ಸಂಜೆ ಬಹಳ ದಿನಗಳ ನಂತರ ಅಂಗಡಿಗೆ ಹೋಗಿ ಅಕ್ಕುವಿನ ಕುರ್ಚಿಯಲ್ಲಿ ಕುಳಿತರು. ಗೋಡೆಯ ಮೇಲಿನ ಅವಳ ಪಟಕ್ಕೆ ಪ್ರಣೀತಾ ದಿನವೂ ಹೂ ಇಡುತ್ತಿದ್ದಳೆಂಬುದು ಆಗಲೇ ಅವರಿಗೆ ತಿಳಿದದ್ದು. ಗಂಡ ಹೆಂಡತಿ ಇಬ್ಬರು ಬಂದು ಮಗಳ ಕಾಲೇಜಿಗೆ ಲ್ಯಾಪ್‌ಟಾಪ್ ಬೇಕೆಂದರು. ಪ್ರಣೀತಾ ಪೆಟ್ಟಿಗೆ ತೆಗೆಯಲು ಎದ್ದಳು.

"ತಡಿ," ಎಂದರು ಸರ್ವೋತ್ತಮರು. "ನಿಮ್ಮದು ಯಾವ ಊರು?"

ಕಾಪುವಿನ ಹತ್ತಿರ ಎಂದರು ಅವರು.

ಮುಂದಿನ ತಿಂಗಳು ಮುಸ್ತಫಾನ ಅಂಗಡಿಯಲ್ಲಿ ಈ ಕಂಪೆನಿಯ ಮಾಲು ಇರುತ್ತದೋ ಇಲ್ಲವೋ, ತನ್ನಲ್ಲಿಯೂ ಇರುತ್ತದೋ ಇಲ್ಲವೋ, ದೇವರೇ ಬಲ್ಲ. ಸರ್ವೋತ್ತಮರು ಮುಸ್ತಫಾನಿಗೆ ಹೇಳಲು ಫೋನು ಕೈಗೆ ತೆಗೆದುಕೊಂಡು, ಗಂಡ ಹೆಂಡತಿಗೆ ಒಂದು ನಿಮಿಷ ಕೂರಲು ಹೇಳಿದರು.