ತೊಂಬತ್ತಾರು ಹೊಸ ಕಾರ್ಡುಗಳು

ತೊಂಬತ್ತಾರು ಕಾರ್ಡುಗಳ ಮುದ್ರಣಕ್ಕೆ ಅವನ ಅರ್ಧ ತಿಂಗಳ ಸಂಬಳ. ಮೂಲೆ ದುಂಡಗೆ ಕತ್ತರಿಸಲು ಬೇರೆ. "ಒಂದೇ ಸೆಟ್ಟು ಯಾರು ಸಾರ್ ಮಾಡಿಸ್ತಾರೆ?" ಎಂದು ಪ್ರೆಸ್ಸಿನವನು ನಕ್ಕಿದ್ದ. ಕಾರ್ಡು ಹಾಕಿ ಹಲಗೆಯ ಮೇಲೆ ಹಡಗು ನಡೆಸುವ ಆ ಆಟವನ್ನು ತಯಾರಿಸುತ್ತಿದ್ದ ಕಂಪನಿ ಮುಚ್ಚಿ ಹತ್ತೊಂಬತ್ತು ವರ್ಷವಾಗಿತ್ತು.

ಶನಿವಾರ ಮಧ್ಯಾಹ್ನ, ಲೈಬ್ರರಿಯ ಹಿಂದಿನ ಕೋಣೆ. ಒಂದು ಕಾಲಕ್ಕೆ ಇಲ್ಲಿ ಹದಿನೆಂಟು ಜನ. ಮೇಜು ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಆಡುತ್ತಿದ್ದರು. ಈಗ ಉಳಿದವರು ಲೈಬ್ರೇರಿಯನ್ ಆದ ಅವನು, ಅವನ ಭಾವ, ಹಲ್ಲಿನ ಡಾಕ್ಟರಮ್ಮ. ಹೋದ ವಾರ ಡಾಕ್ಟರಮ್ಮ, "ಇನ್ಮೇಲೆ ಬರೋದು ಕಷ್ಟ" ಎಂದಿದ್ದರು. ಜನ ಬಿಟ್ಟುಹೋಗುತ್ತಿರುವ ತಪ್ಪನ್ನು ಸವೆದ ಹಳೆಯ ಕಾರ್ಡುಗಳ ಮೇಲೆ ಹೊರಿಸುವುದು ಅವನಿಗೆ ಸುಲಭವಾಗಿತ್ತು.

ಹೊಸ ಕಟ್ಟು ಬಿಚ್ಚಿದ.

"ಪೂರ್ತಿ ಸೆಟ್ಟು ಹಲ್ಲು ಕಟ್ಟಿಸಿದ ಹಾಗಿದೆ, ಅಲ್ವಾ ಡಾಕ್ಟ್ರೇ?" ಎಂದರು ಭಾವ. "ಹಳೇದೆಲ್ಲಿ?"

"ಪ್ರೆಸ್ಸಿನಲ್ಲೇ ಬಿಟ್ಟೆ. ರದ್ದಿಗೆ ಹಾಕಿದ್ರಂತೆ."

ಭಾವ ಹೊಸ ಕಾರ್ಡೊಂದರ ಮೂಲೆಯನ್ನು ಬೆರಳಿನಿಂದ ಸವರಿದರು.

ಹಂಚಿದ. ಭಾವ ಅಭ್ಯಾಸಬಲದಿಂದ ಡಾಕ್ಟರಮ್ಮನ ಕೈಯತ್ತ ನೋಡಿದರು. ಡಾಕ್ಟರಮ್ಮ ಭಾವನ ಕೈಯತ್ತ. ಕಂಡದ್ದು ನೀಲಿ ಬೆನ್ನುಗಳು ಮಾತ್ರ.

ಗೊತ್ತಿದ್ದುದನ್ನು ಅವನು ಆಗ ಒಪ್ಪಿಕೊಂಡ. ಹಳೆಯ ಕಾರ್ಡುಗಳ ಬೆನ್ನನ್ನು ಎಲ್ಲರೂ ಓದಬಲ್ಲವರಾಗಿದ್ದರು. ಕಾಫಿ ಕಲೆಯದ್ದು ಬಿರುಗಾಳಿ. ಮೂಲೆ ಮಡಚಿದ್ದು ಉಪ್ಪಿನ ಹಡಗು. ಓದಿಯೂ ಓದದವರಂತೆ ಆಡುವುದು ರೂಢಿಯಾಗಿತ್ತು. ಡಾಕ್ಟರಮ್ಮನ ಕ್ಲಿನಿಕ್ ನಡೆಯದಿದ್ದಾಗ ಅವರ ಹಡಗು ಮುಳುಗಲೇ ಇಲ್ಲ. ಅಕ್ಕ ತೀರಿಕೊಂಡ ವರ್ಷ ಭಾವ ಒಂದು ಆಟವನ್ನೂ ಸೋಲಲಿಲ್ಲ. ಆ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ.

"ನಿಮ್ಮ ಸರದಿ, ಭಾವ."

"ಗೊತ್ತಯ್ಯಾ, ತಡಿ."

ಭಾವ ತಡವರಿಸಿ ಹಡಗು ಸರಿಸಿದರು. ಡಾಕ್ಟರಮ್ಮ ಕಾರ್ಡು ಇಟ್ಟರು. ಬಿರುಗಾಳಿ.

"ಅಯ್ಯೋ, ನಿಮ್ಮ ಹಡಗು ಮುಳುಗುತ್ತೆ ಅಂತ ಗೊತ್ತಾಗ್ಲಿಲ್ಲ."

"ಆಟ ತಾನೇ, ಬಿಡಿ," ಎಂದರು ಭಾವ.

ಅರ್ಧ ಗಂಟೆಯಲ್ಲಿ ಮುಗಿಯಿತು. ಗೆದ್ದದ್ದು ಅವನೇ. ಯಾರೂ ಇನ್ನೊಂದು ಆಟ ಅನ್ನಲಿಲ್ಲ.

"ಮುಂದಿನ ಶನಿವಾರ?" ಎಂದ.

"ಫೋನ್ ಮಾಡ್ತೀನಿ," ಡಾಕ್ಟರಮ್ಮ ಚೀಲ ಹೆಗಲಿಗೇರಿಸಿದರು. ಇಷ್ಟು ವರ್ಷ ಇಲ್ಲಿಗೆ ಯಾರೂ ಫೋನ್ ಮಾಡಿ ಬಂದವರಲ್ಲ.

ಭಾವ ಬಾಗಿಲಲ್ಲಿ ನಿಂತು, "ಕಾರ್ಡು ಚೆನ್ನಾಗಿ ಬಂದಿದೆ ಕಣಯ್ಯಾ" ಎಂದು ಹೊರಟರು.

ಅವನು ಕಾರ್ಡುಗಳನ್ನು ಮೇಜಿನ ತುಂಬ ಕವುಚಿ ಹರಡಿದ. ಉಪ್ಪಿನ ಹಡಗು ಯಾವುದೆಂದು ಹುಡುಕಿದ. ಎಲ್ಲೆಲ್ಲೂ ಒಂದೇ ನೀಲಿ. ಎಷ್ಟೋ ವರ್ಷಗಳ ಮೇಲೆ ಆಟ ನಿಯಮದ ಪ್ರಕಾರ ನಡೆದಿತ್ತು. ಯಾರ ಕೈಯಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.