ತಾಳ್ಯದ ಒಂದನೇ ನಂಬರು

ಗುಲ್ನಾಜ್‌ಗೆ ತನ್ನ ಕೈಗುಣದ ಮೇಲಿದ್ದ ನಂಬಿಕೆ ಸಣ್ಣದಲ್ಲ. ಚಿತ್ರದುರ್ಗದ ಸಂತೆಪೇಟೆಯಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದಳು. ಹೊಸ ಗಿರಾಕಿ ಒಳಗೆ ಇಣುಕಿ "ಓನರ್ ಇಲ್ವಾ?" ಅಂದರೆ, "ಎದುರಿಗೇ ಕುಂತವ್ಳೆ, ಹೇಳ್ರಿ" ಅನ್ನುತ್ತಿದ್ದಳು. ಅವಳ ಅಜ್ಜ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಗಟ್ಟಿ ತಾಮ್ರವನ್ನು ಗುಜರಿಗೆ ಹಾಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲವಂತೆ. ಮೊಮ್ಮಗಳ ಬುದ್ಧಿಯೂ ಅದೇ ಜಾಡಿನದು.

ಹಾಗಾಗಿ ಹನುಮಂತರಾಜು ಫೋನು ಮಾಡಿ, "ನಲವತ್ತು ಕಂಪ್ಯೂಟರ್ ಗುಜರಿಗೆ ಹಾಕ್ಬೇಕಂತಮ್ಮ" ಎಂದಾಗ ಅವಳಿಗೆ ಮೈಯೆಲ್ಲ ಉರಿಯಿತು. ಹನುಮಂತರಾಜು ಒಂದು ಟ್ರಸ್ಟಿನ ಕಾರ್ಯದರ್ಶಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ತಾಳ್ಯಗಳಲ್ಲಿ ಟ್ರಸ್ಟಿನ ಪ್ರೌಢಶಾಲೆಗಳು, ಒಂದೊಂದರಲ್ಲೂ ಹತ್ತು ಕಂಪ್ಯೂಟರು. ಅವುಗಳಲ್ಲಿದ್ದ ಹಳೆಯ ಆಪರೇಟಿಂಗ್ ಸಿಸ್ಟಂಗೆ ಅಪ್‌ಡೇಟ್ ಬರುವುದು ನಿಂತುಹೋಗಿತ್ತು. ಹೊಸದನ್ನು ಹಾಕಲು ಹೋದರೆ, ಈ ಯಂತ್ರ ಅದಕ್ಕೆ ತಕ್ಕದ್ದಲ್ಲ ಎಂದು ಪರದೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿತ್ತು. ಮಾರಾಟದವನೊಬ್ಬ ಬಂದು ನೋಡಿ, ಎಲ್ಲವನ್ನೂ ಎಸೆದು ಹೊಸವನ್ನೇ ಕೊಳ್ಳಿ ಎಂದು ಉಪದೇಶ ಮಾಡಿ ಹೋಗಿದ್ದ.

"ಏಳು ವರ್ಷದ ಯಂತ್ರ ಸಾರ್, ಇನ್ನೂ ಪ್ರಾಯದ್ದು. ಭದ್ರತೆಗಂತ ಒಳಗೊಂದು ಚಿಪ್ ಐತೆ. ಅದನ್ನ ಯಾರೂ ಆನ್ ಮಾಡಿಲ್ಲ, ಅದಕ್ಕೇ ಹಂಗೆ ಹೇಳ್ತೈತೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕ್ರಿ? ನಲವತ್ತನ್ನೂ ನನಗೆ ಕೊಡ್ರಿ."

ಹನುಮಂತರಾಜು ಅಳೆದು ತೂಗಿ ಮಾತಾಡುವ ಮನುಷ್ಯ. "ಮೊದ್ಲು ತಾಳ್ಯದ ಹತ್ತು ಮಾಡು. ಶುಕ್ರವಾರ ಹನ್ನೊಂದಕ್ಕೆ ಬಂದು ನಾನೇ ಕುಂತು ನೋಡ್ತೀನಿ. ಸರಿ ಬಂದ್ರೆ ಉಳಿದ ಮೂವತ್ತೂ ನಿಂದೇ. ಇಲ್ಲಾಂದ್ರೆ ಹೊಸದು ತಗಳೋದೇ" ಎಂದರು.

ಮೂವತ್ತು ಕಂಪ್ಯೂಟರು! ಹನ್ನೊಂದು ವರ್ಷ ಗುಲ್ನಾಜ್ ಒಂದೊಂದೇ ಯಂತ್ರ ಬಿಚ್ಚಿ ಜೋಡಿಸಿದ್ದಳು. ಯಾವ ಸಂಸ್ಥೆಯೂ ಅವಳನ್ನು ನಂಬಿ ಇಷ್ಟು ದೊಡ್ಡ ಕೆಲಸ ಕೊಟ್ಟಿರಲಿಲ್ಲ. ಈ ಕೆಲಸ ಅವಳಿಗೆ ಬೇಕಿತ್ತು, ಬಹಳ ಬೇಕಿತ್ತು.

ಮೂರು ದಿನ ತಾಳ್ಯದ ಲ್ಯಾಬಿನಲ್ಲೇ ಬೀಡುಬಿಟ್ಟಳು. ಗಿರಗಿರ ತಿರುಗುವ ಹಳೆಯ ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ ಹೊಸ ಡಿಸ್ಕ್ ಕೂರಿಸಿದಳು. ಮೆಮೊರಿ ಹೆಚ್ಚಿಸಿದಳು. ಬ್ಲೋವರ್ ಹಿಡಿದು ಧೂಳು ಹಾರಿಸಿದಳು. ಮಲಗಿದ್ದ ಚಿಪ್ಪನ್ನು ಎಬ್ಬಿಸಿದ್ದೇ ತಡ, ಹೊಸ ಸಿಸ್ಟಂ ತಕರಾರಿಲ್ಲದೆ ಒಳಗೆ ಬಂದು ಕೂತಿತು. ಮೊದಲು ಸ್ವಿಚ್ ಒತ್ತಿ ಟೀ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಯಂತ್ರಗಳು ಈಗ ಹದಿನೈದು ಸೆಕೆಂಡಿಗೆ ಕಣ್ಣು ಬಿಡುತ್ತಿದ್ದವು. ಪ್ರತಿಯೊಂದನ್ನೂ ಐದು ನಿಮಿಷ ಓಡಿಸಿ ನೋಡಿ, 'ಭೇಷ್ ಗುಲ್ನಾಜ್' ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ಶುಕ್ರವಾರ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದವಳು ಹುಚ್ಚಕ್ಕ. ಶಾಲೆಯ ಆಯಾ. ಅರವತ್ತರ ಹತ್ತಿರದ ಹೆಂಗಸು, ಲ್ಯಾಬಿನ ಬೀಗದಕೈಯನ್ನು ತಾಳಿಯಷ್ಟೇ ಜೋಪಾನ ಮಾಡುವವಳು. ಗುಲ್ನಾಜ್ ಬರುವ ಹೊತ್ತಿಗೆ ಆಕೆ ನೆಲ ಒರೆಸಿ, ಸಾಲಿನ ಮೊದಲ ಯಂತ್ರದ ತಲೆಯ ಮೇಲೆ ಕನಕಾಂಬರದ ತುಂಡೊಂದನ್ನು ಇಟ್ಟಾಗಿತ್ತು.

"ಇವತ್ತು ಸೆಕ್ರೆಟ್ರಿ ಸಾರ್ ಬರ್ತಾರಂತಲ್ಲ ತಾಯಿ. ನಿನ್ನ ಕೆಲ್ಸಕ್ಕೆ ಒಳ್ಳೇದಾಗ್ಲಿ ಅಂತ ಕೇಳ್ಕಂಡೀನಿ" ಎಂದಳು. ಗುಲ್ನಾಜ್‌ಗೆ ಖುಷಿಯಾಯಿತು.

ಹನ್ನೊಂದಕ್ಕೆ ಸರಿಯಾಗಿ ಬಂದ ಹನುಮಂತರಾಜು ನೇರ ಒಂದನೇ ನಂಬರಿನ ಮುಂದೆ ಕೂತರು. ದೊಡ್ಡವರು ಮೊದಲನೆಯದನ್ನು ಬಿಟ್ಟು ಆರನೆಯದರ ಮುಂದೆ ಕೂರುವುದುಂಟೇ? ಯಂತ್ರ ಥಟ್ಟನೆ ಶುರುವಾಯಿತು. ಅವರ ಹುಬ್ಬು ಮೇಲೇರಿತು. ಗುಲ್ನಾಜ್ ಉತ್ಸಾಹದಿಂದ ಒಂದೊಂದೇ ತೋರಿಸಿದಳು. ಒಂದು ಕಡೆ ಪಾಠ, ಪಕ್ಕದಲ್ಲೇ ಟಿಪ್ಪಣಿ ಹೊಂದಿಸಿಡಬಹುದು. ಒಂದೇ ಯಂತ್ರದಲ್ಲಿ ಮೇಷ್ಟ್ರಿಗೆ ಒಂದು ಡೆಸ್ಕ್‌ಟಾಪು, ಆಫೀಸಿನ ಕೆಲಸಕ್ಕೆ ಇನ್ನೊಂದು. ಕೊನೆಗೆ ನಕಲು ಮಾಡಿದ್ದು ಒಂದೇ ಅಲ್ಲ, ಅದರ ಹಿಂದಿನವೂ ಕೇಳಿದರೆ ಸಿಗುತ್ತವೆ.

"ಇನ್ನೊಂದು ಐತೆ ಸಾರ್. ನೀವು ಮುಂದಿಟ್ಕಂಡು ಮಾಡೋ ಕೆಲ್ಸಕ್ಕೇ ಇದು ಮೊದ್ಲು ಶಕ್ತಿ ಕೊಡ್ತೈತೆ. ಪಂಕ್ತಿಯಾಗೆ ಕುಂತೋರಿಗೆ ಮೊದ್ಲು ಬಡಿಸಿ, ಬಾಗಿಲಾಗೆ ನಿಂತೋರಿಗೆ ತಡೀರಿ ಅಂದಂಗೆ."

"ಪರ್ವಾಗಿಲ್ಲಮ್ಮ" ಎಂದು ಹನುಮಂತರಾಜು ತಲೆದೂಗಿದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆಯೇ.

ಹತ್ತು ನಿಮಿಷವಾಗಿರಬೇಕು. ಒಳಗಿನ ಫ್ಯಾನು ಗುಂಯ್ ಎಂದು ಊಳಿಡತೊಡಗಿತು. ಮೌಸ್ ಎಳೆದರೆ ಬಾಣದ ಗುರುತು ತೆವಳಿತು. ಒಂದಕ್ಷರ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ ಇನ್ನೆರಡು ಒತ್ತಿಯಾಗಿರುತ್ತಿತ್ತು. ಪಕ್ಕದ ಒಂಬತ್ತೂ ಸುಮ್ಮನೆ ಚುರುಕಾಗಿ ಓಡುತ್ತಿದ್ದವು. ಆದರೆ ಕಾರ್ಯದರ್ಶಿ ಕೂತಿದ್ದು ಒಂದನೆಯದರ ಮುಂದೆ.

"ಏನಮ್ಮ ಗುಲ್ನಾಜ್, ನಿನ್ನ ಹೊಸ ಸಿಸ್ಟಂ ಹತ್ತೇ ನಿಮಿಷಕ್ಕೆ ಏದುಸಿರು ಬಿಡ್ತೈತಲ್ಲ! ಆ ಮಾರೋನು ಹೇಳಿದ್ದೇ ಸರಿ ಕಾಣ್ತೈತೆ."

ಗುಲ್ನಾಜ್ ಮೌಸನ್ನು ತನ್ನ ಕಡೆಗೆ ಎಳೆದುಕೊಂಡಳು. "ಕುಂತ್ಕಳ್ರಿ ಸಾರ್, ಏನಂತ ಅದನ್ನೇ ಕೇಳಾಣ" ಎಂದು ಸಿಸ್ಟಂ ತನ್ನ ಆರೋಗ್ಯವನ್ನು ತಾನೇ ತೋರಿಸುವ ಪುಟ ತೆರೆದಳು. ಮೆಮೊರಿ ಅರ್ಧ ಖಾಲಿ. ಡಿಸ್ಕಿಗೆ ಕೆಲಸವೇ ಇಲ್ಲ. ಆದರೆ ಪ್ರೊಸೆಸರಿನ ವೇಗ ಕಾಲು ಭಾಗಕ್ಕಿಂತಲೂ ಕೆಳಗೆ ಕುಸಿದಿತ್ತು. ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಕೆಂಡ.

"ಸಿಸ್ಟಂದು ತಪ್ಪಿಲ್ಲ ಸಾರ್. ಬಿಸಿಯಾಗೈತೆ. ಸುಟ್ಟು ಹೋಗಬಾರದು ಅಂತ ಇದು ತಾನೇ ವೇಗ ತಗ್ಗಿಸ್ಕಂಡೈತೆ."

ಪೆಟ್ಟಿಗೆ ಬಿಚ್ಚಿದಳು. ಫ್ಯಾನಿನ ಮೇಲೊಂದು ಪ್ಲಾಸ್ಟಿಕ್ ಮುಚ್ಚಳವಿತ್ತು. ಮೂರು ದಿನದಲ್ಲಿ ಆ ಒಂದು ಮುಚ್ಚಳವನ್ನು ಮಾತ್ರ ಅವಳು ತೆಗೆದಿರಲಿಲ್ಲ. ಬ್ಲೋವರ್ ಹೊಡೆದಿದ್ದೇನಲ್ಲ, ಸಾಕು ಎಂದು ಬಿಟ್ಟಿದ್ದಳು. ಈಗ ಎತ್ತಿದರೆ, ಬೂದಿಬಣ್ಣದ ಮೇಲೆ ಕೆಂಪು, ಕೆಂಪಿನ ಮೇಲೆ ಬೂದಿ, ಪದರ ಪದರವಾಗಿ ಗಟ್ಟಿ ಮೆತ್ತಿಕೊಂಡು ಗಾಳಿ ಆಡಲು ಎಳ್ಳಷ್ಟೂ ಸಂದಿಲ್ಲ. ಮೂಗಿಗೆ ಬಂದ ವಾಸನೆ ಧೂಳಿನದಲ್ಲ, ದೇವರಮನೆಯದು.

ಬಾಗಿಲ ಬಳಿ ನಿಂತಿದ್ದ ಹುಚ್ಚಕ್ಕನ ಮುಖ ಬಿಳಿಚಿಕೊಂಡಿತು. ಗುಲ್ನಾಜ್‌ಗೆ ಎಲ್ಲ ಅರ್ಥವಾಯಿತು.

"ಏನಮ್ಮ ಅದು?" ಹನುಮಂತರಾಜು ಬಗ್ಗಿ ನೋಡುತ್ತ ಕೇಳಿದರು.

ಹೇಳುವುದೇನು ಕಷ್ಟ? ನಿಮ್ಮ ಆಯಾ ಮಾಡಿದ ಪೂಜೆಯಿಂದ ಯಂತ್ರಕ್ಕೆ ಉಸಿರು ಕಟ್ಟಿದೆ ಅಂದರೆ ಆಯಿತು. ಗುಲ್ನಾಜ್‌ಳ ಕೆಲಸ ಉಳಿಯುತ್ತದೆ, ಹುಚ್ಚಕ್ಕನದು ಹೋಗುತ್ತದೆ. ಮೇಲಾಗಿ ಪೂಜೆಯ ಮಾತು ಗುಲ್ನಾಜ್ ಎನ್ನುವವಳ ಬಾಯಿಂದ ಬಂದರೆ ಬಸ್‌ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಬಂದಿರುತ್ತದೆ. ಇಷ್ಟೆಲ್ಲ ಯೋಚನೆ ಬಂದರೂ ಅವಳ ನಾಲಗೆ ತಡೆದದ್ದು ಬೆಳಿಗ್ಗೆ ತನಗಾಗಿ ಬೇಡಿಕೊಂಡ ಆ ಹೆಂಗಸಿನ ಮುಖ ನೋಡಿ.

"ಧೂಳು ಸಾರ್. ಈ ಮುಚ್ಚಳ ನಾನು ಬಿಚ್ಚಿ ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದೇ" ಎಂದಳು. ಕೊನೆಯ ಮಾತಂತೂ ಸುಳ್ಳಲ್ಲ. ಮೂವತ್ತು ಕಂಪ್ಯೂಟರು ಕೈಬಿಟ್ಟು ಹೋದವು ಎಂದುಕೊಂಡಳು.

"ಧೂಳಲ್ಲ ಸಾರ್" ಎಂದಳು ಹುಚ್ಚಕ್ಕ. ಒಳಗೆ ಬಂದು ಸೆರಗು ಬಿಗಿದು ನಿಂತಳು. "ನಾನಿಟ್ಟ ವಿಭೂತಿ, ಕುಂಕುಮ. ಮಂಗಳವಾರ, ಶುಕ್ರವಾರ ಆ ಮುಂದಿನ ಜಾಲರಿಗೆ ಇಡ್ತಿದ್ದೆ. ಒಂದಕ್ಕಿಟ್ರೆ ಹತ್ತಕ್ಕೂ ಇಟ್ಟಂಗೆ ಅಂತ. ಬ್ಯಾರೆ ದೇವ್ರಿಗಿಟ್ಟಿದ್ದು ಇಟ್ಟಂಗೇ ಇರ್ತೈತೆ. ಇದು ಇಟ್ಟಿದ್ದನ್ನೆಲ್ಲ ಒಳಗೆ ಎಳ್ಕಂತಿತ್ತು. ಕೊಟ್ಟಿದ್ದು ತಗಳ್ಳೋ ದೇವ್ರು ಎಲ್ಲೈತೆ ಅಂತ ನಾನು ಇನ್ನೂ ಒಂದು ಚಿಟಿಕೆ ಜಾಸ್ತಿನೇ ಇಡ್ತಿದ್ದೆ."

ಹನುಮಂತರಾಜು ಆ ಕೆಂಪನ್ನು ಬೆರಳಿಂದ ಮುಟ್ಟಿ ನೋಡಿದರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಗುಲ್ನಾಜ್ ಬ್ರಷ್ಷು ಎತ್ತಿಕೊಂಡಳು. ಕೈಗೆ ಕೆಲಸ ಸಿಕ್ಕಮೇಲೆ ಬಾಯಿಗೂ ಧೈರ್ಯ ಬಂತು.

"ಇದೇನು ಲೋಕದಾಗೆ ಇಲ್ಲದ್ದಲ್ಲ ಸಾರ್. ನಮ್ಮಪ್ಪ ದಿಲಾವರ್ ಸಾಹೇಬ್ರು ಗುರುವಾರ ಬಂತು ಅಂದ್ರೆ ನನ್ನಂಗಡಿಗೆ ಲೋಬಾನದ ಹೊಗೆ ಹಾಕೋರು. ಬರ್ಕತ್ ಬರ್ಲಿ ಅಂತ. ಬರ್ಕತ್ ಬಂತೋ ಇಲ್ಲೋ, ಎರಡು ಫ್ಯಾನು ಅಂಟ್ಕಂಡು ಸತ್ತವು. ಆಮೇಲೆ ಬಾಗಿಲ ಹೊರಗೆ ಹಾಕ್ರಿ ಅಬ್ಬಾ ಅಂದೆ. ಈಗ ಹೊರಗೇ ಹಾಕ್ತಾರೆ."

ಕೆರೆದು, ಒರೆಸಿ, ಪ್ರೊಸೆಸರಿಗೆ ಬಿಸಿ ಸಾಗಿಸುವ ಹೊಸ ಪೇಸ್ಟ್ ಹಚ್ಚಿ ಮುಚ್ಚಿದಳು. ಹನುಮಂತರಾಜು ಗಡಿಯಾರ ನೋಡಿಕೊಂಡೇ ಕೂತರು. ಹತ್ತು ನಿಮಿಷ, ಇಪ್ಪತ್ತು, ಅರ್ಧ ಗಂಟೆ. ಹಟಕ್ಕೆ ಬಿದ್ದವರಂತೆ ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ತೆರೆದರು. ಒಂದನೇ ನಂಬರು ಸದ್ದಿಲ್ಲದೆ ಓಡಿತು. ಗುಲ್ನಾಜ್‌ಗೆ ಕುಣಿಯುವಷ್ಟು ಸಂತೋಷ, ಆದರೂ ಗಂಭೀರವಾಗಿ ಸ್ಕ್ರೂ ಜೋಡಿಸುತ್ತ ನಿಂತಳು.

ಹುಚ್ಚಕ್ಕ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು. "ಹಂಗಾರೆ ತಾಯಿ, ಏಳು ವರ್ಷ ಇದು ನಾನಿಟ್ಟಿದ್ದು ತಗಂಡೇ ಇಲ್ವಾ?"

"ತಗಂಡೈತೆ ಹುಚ್ಚಕ್ಕ. ಮೂಗು ಕಟ್ಟಿದ್ರೂ ಒಂದಿನ ಸುಟ್ಕಂಡಿಲ್ಲ. ನಿಧಾನ ಮಾಡ್ಕಂಡಾದ್ರೂ ನಿಂದನ್ನ ಒಳಗೇ ಇಟ್ಕಂಡೈತೆ. ಇದಕ್ಕಿಂತ ಇನ್ನೇನು ತಗಬೇಕು? ಇನ್ಮುಂದೆ ಹೂವು ತಲೆ ಮೇಲಿಡು, ಮೂಗಿಗೆ ಏನೂ ಬ್ಯಾಡ."

ಹುಚ್ಚಕ್ಕ ಕಣ್ಣೊರೆಸಿಕೊಂಡು ನಕ್ಕಳು. ಹನುಮಂತರಾಜು ಎದ್ದು ಅಂಗಿ ಸರಿಮಾಡಿಕೊಂಡರು. ಹುಚ್ಚಕ್ಕನನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಗುಲ್ನಾಜ್ ಕಡೆ ತಿರುಗಿದರು.

"ಸೋಮವಾರದಿಂದ ಹೊಸದುರ್ಗ ಶುರು ಮಾಡಮ್ಮ. ಆಮೇಲೆ ಹಿರಿಯೂರು, ಹೊಳಲ್ಕೆರೆ." ಬಾಗಿಲವರೆಗೆ ಹೋಗಿ ನಿಂತರು. "ಹೊಸದುರ್ಗದಾಗೆ ಒಂದನೇ ನಂಬರಿನ ಮುಚ್ಚಳ ಮೊದ್ಲು ಬಿಚ್ಚು. ಅಲ್ಲಿ ಇಡೋನು ನಾನೇ."